ಹತ್ತು ಉಗುರು, ಹಲವು ಬಣ್ಣ

ಆಷಾಢ ಮಾಸ ಕಾಲಿಟ್ಟೊಡನೆ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸುತ್ತಿನ ಹಳ್ಳಿಗಳಲ್ಲಿ ಹಿತ್ತಿಲ ಗೋರಂಟಿ ಗಿಡಗಳು ಬೋಳಾಗತೊಡಗುತ್ತವೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಒರಳಿಗೆ ಬಿಡುವಿರುವುದಿಲ್ಲ. 2022ರಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಗೋರಂಟಿ ಅರೆಯುವ ದಿನಗಳು ಮಾತ್ರ ಎರಡೂ ಕಡೆ ಇಂದಿಗೂ ಒಂದೇ ಆಗಿವೆ.

ನೆರೆಯ ತೆಲುಗು ಮನೆಯವರಿಗೆ ಅದು ಗೋರಿಂಟಾಕು. 1979ರಲ್ಲಿ ಅದೇ ಹೆಸರಿನ ತೆಲುಗು ಚಲನಚಿತ್ರ ಬಂದಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ತೆಲುಗಿನಲ್ಲಿ ‘ಗೋರು’ ಎಂದರೆ ಉಗುರು. ನಮ್ಮ ‘ಉಗುರು’, ತಮಿಳಿನ ‘ಉಗಿರ್’, ತೆಲುಗಿನ ‘ಗೋರು’ ಈ ಮೂರೂ ಒಂದೇ ಬೇರಿನ ಚಿಗುರುಗಳೆಂದು ದ್ರಾವಿಡ ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ನಂಟನ್ನು ವ್ಯಾಕರಣದ ಪಾಠದಲ್ಲಿ ಹೇಳುವುದಕ್ಕಿಂತ ಅವರ ಬೆರಳು ಹಿಡಿದು ಹೇಳುವುದು ಸುಲಭ. ಗೋರಂಟಿ, ಮದರಂಗಿ ಎಂಬ ಎರಡು ಮಾತುಗಳೂ ಮನೆಯಲ್ಲಿ ಬಳಕೆಯಲ್ಲಿದ್ದರೆ ಮಾತ್ರ ಮುಂದಿನ ತಲೆಮಾರಿಗೆ ಉಳಿದಾವು.

ಈಗಿನ ಹುಡುಗಿಯರಿಗೆ ಒಂದು ಕೆಂಪು ಸಾಲದು. ಹತ್ತು ಉಗುರಿಗೆ ಹತ್ತು ಬಣ್ಣ, ಒಂದೊಂದರ ಮೇಲೆ ಒಂದೊಂದು ಚಿತ್ರ ಬೇಕು. ಪಟ್ಟಣಗಳಲ್ಲಿ ಇದಕ್ಕೆಂದೇ ಅಂಗಡಿಗಳು ತೆರೆದಿವೆ. ಅಲ್ಲಿ ಒಂದು ಸಲಕ್ಕೆ ಕೊಡುವ ಹಣದಲ್ಲಿ ಬಡ ಸಂಸಾರವೊಂದು ಹಲವು ದಿನ ಬಾಳಬಹುದು. ಬಣ್ಣದ ಉಗುರು ಕಂಡೊಡನೆ ಮಕ್ಕಳನ್ನು ಗದರಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಇದೆ. ನನ್ನ ಅಭಿಪ್ರಾಯ ಬೇರೆ. ಅಂಗುಲದ ಅರ್ಧದಷ್ಟಿರುವ ಜಾಗದಲ್ಲಿ ನೇರವಾದ ಗೆರೆ ಎಳೆಯಬಲ್ಲ ಕೈ, ಅಕ್ಷರವನ್ನೂ ದುಂಡಗೆ ಬರೆಯುತ್ತದೆ. ಈ ವಿದ್ಯೆ ಮನೆಯಲ್ಲಿಯೇ, ಅಲ್ಪ ಖರ್ಚಿನಲ್ಲಿ, ಅಪಾಯವಿಲ್ಲದೆ ನಡೆಯಲಿ ಎಂಬುದಷ್ಟೇ ಈ ಲೇಖನದ ಆಶಯ.

ಮೊದಲು ಗೋರಂಟಿಯ ವಿಚಾರ. ಅದರ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತುವಿದೆ. ಗಿಡದ ಶಾಸ್ತ್ರೀಯ ನಾಮ ಲಾಸೋನಿಯಾ ಇನರ್ಮಿಸ್. ಬಣ್ಣಕ್ಕೆ ಹೆಸರು ಬಂದುದು ಅದರಿಂದಲೇ. ಉಗುರು, ಕೂದಲು, ಚರ್ಮದ ಹೊರಪದರ ಇವೆಲ್ಲ ಕೆರಾಟಿನ್ ಎಂಬ ಸಸಾರಜನಕದಿಂದ ಆದವು. ಲಾಸೋನ್ ಈ ಕೆರಾಟಿನ್ನಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದುದರಿಂದಲೇ ಗೋರಂಟಿ ಉಗುರಿನ ಮೇಲೆ ಕುಳಿತ ಬಣ್ಣವಲ್ಲ, ಉಗುರಿನೊಳಗೆ ಇಳಿದ ಬಣ್ಣ. ಅಂಗೈಯ ಕೆಂಪು ಒಂದೆರಡು ವಾರಗಳಲ್ಲಿ ಚರ್ಮ ಸವೆದಂತೆ ಮಾಯವಾದರೂ ಉಗುರಿನ ಕೆಂಪು ಹೋಗಲು ಉಗುರೇ ಬೆಳೆದು ಕತ್ತರಿಸಲ್ಪಡಬೇಕು. ಅರೆಯುವಾಗ ಹುಣಿಸೆ ಅಥವಾ ನಿಂಬೆಯ ಹುಳಿ ಬೆರೆಸುವುದು ಅಜ್ಜಿಯರ ಹುಚ್ಚಲ್ಲ. ಹುಳಿ ಇದ್ದರೆ ಎಲೆಯಿಂದ ಬಣ್ಣ ಚೆನ್ನಾಗಿ ಬಿಡುತ್ತದೆ. ಹೆಚ್ಚು ಕೆಂಪಾದರೆ ಗಂಡನ ಪ್ರೀತಿ ಹೆಚ್ಚು ಎಂಬ ಮಾತಿಗೆ ಮಾತ್ರ ರಸಾಯನಶಾಸ್ತ್ರದಲ್ಲಿ ಆಧಾರವಿಲ್ಲ. ಎಲೆ ಹೊಸದಾಗಿದ್ದು, ಹೆಚ್ಚು ಹೊತ್ತು ಇಟ್ಟುಕೊಂಡರೆ ಯಾರ ಕೈಯಾದರೂ ಕೆಂಪಾಗುತ್ತದೆ.

ಬಣ್ಣದ ಗಾಢತೆ ಹೊತ್ತಿನ ಮೇಲೆ ನಿಂತಿರುವುದರಿಂದ, ಒಂದೇ ಉಂಡೆ ಗೋರಂಟಿಯಿಂದ ಐದು ಛಾಯೆಗಳನ್ನು ಪಡೆಯಬಹುದು. ಐದು ಬೆರಳಿಗೂ ಒಟ್ಟಿಗೆ ಮೆತ್ತಿ, ಕಿರುಬೆರಳನ್ನು ಅರ್ಧ ಗಂಟೆಗೆ ತೊಳೆಯಿರಿ. ಉಂಗುರದ ಬೆರಳನ್ನು ಒಂದು ಗಂಟೆಗೆ. ನಡುಬೆರಳನ್ನು ಎರಡು ಗಂಟೆಗೆ. ತೋರುಬೆರಳನ್ನು ನಾಲ್ಕು ಗಂಟೆಗೆ. ಹೆಬ್ಬೆರಳಿನದು ರಾತ್ರಿಯೆಲ್ಲ ಇರಲಿ. ಬೆಳಗ್ಗೆ ನೋಡಿದರೆ ಕಿತ್ತಳೆಯಿಂದ ದಟ್ಟ ಕೆಂಪಿನವರೆಗೆ ಒಂದು ಮೆಟ್ಟಿಲು ಸಾಲು ಸಿದ್ಧವಾಗಿರುತ್ತದೆ. ಚಿತ್ರ ಬೇಕೆನ್ನುವವರು ಉಗುರಿನ ಬುಡದಲ್ಲಿ ಅರ್ಧಚಂದ್ರಾಕಾರವಾಗಿ ಕತ್ತರಿಸಿದ ಅಂಟುಪಟ್ಟಿಯನ್ನು ಒತ್ತಿ ಅದರ ಮೇಲೆ ಗೋರಂಟಿ ಇಡಬೇಕು. ಪಟ್ಟಿ ತೆಗೆದಾಗ ಆ ಭಾಗ ಬಿಳಿದಾಗಿ ಉಳಿಯುತ್ತದೆ. ಕರಗಿಸಿದ ಮೇಣವನ್ನು ಆರಿಸಿ, ಬೆಚ್ಚಗಿರುವಾಗ ಕಡ್ಡಿಯಿಂದ ಚುಕ್ಕಿಗಳಾಗಿ ಇಟ್ಟರೂ ಇದೇ ಫಲ. ಬಟ್ಟೆಯ ಮೇಲೆ ಮೇಣವಿಟ್ಟು ಬಣ್ಣ ಹಾಕುವ ಬಾಟಿಕ್ ಕೆಲಸದ ತತ್ತ್ವವೇ ಇದು.

ಗೋರಂಟಿ ಸಿಗದ ಮನೆಯಲ್ಲಿ ಕರ್ಣಕುಂಡಲದ ಹೂವು ಇರಬಹುದು. ಅದರಲ್ಲಿಯೂ ಲಾಸೋನ್ ಮತ್ತು ಅದರ ಸೋದರ ವಸ್ತುವೊಂದು ಇವೆ. ಕೊರಿಯಾ ದೇಶದ ಹೆಣ್ಣುಮಕ್ಕಳು ಬೇಸಗೆಯಲ್ಲಿ ಈ ಹೂವನ್ನೂ ಎಲೆಯನ್ನೂ ಪಟಿಕದೊಡನೆ ಜಜ್ಜಿ ಉಗುರಿಗೆ ಕಟ್ಟಿಕೊಳ್ಳುತ್ತಾರೆ. ಮೊದಲ ಹಿಮ ಬೀಳುವತನಕ ಬಣ್ಣ ಉಳಿದರೆ ಮೊದಲ ಪ್ರೇಮ ಕೈಗೂಡುವುದೆಂದು ಅಲ್ಲಿನ ನಂಬಿಕೆ. ಸ್ವಾರಸ್ಯವೆಂದರೆ, ಬೆರಳಿಗೆ ಸುತ್ತಲು ಅವರು ಬಳಸುತ್ತಿದ್ದುದು ಹರಳೆಲೆಯನ್ನು. ಕಲ್ಯಾಣದುರ್ಗದ ಹೊಲಗಳಲ್ಲಿ ಕಡಲೆಕಾಯಿಯ ಜೊತೆಗೆ ಬೆಳೆಯುವ ಹರಳು ಗಿಡದ ಎಲೆಯೇ ಅದು! ಪ್ಲಾಸ್ಟಿಕ್ ಹಾಳೆ ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು.

ಅರಿಸಿನ ಬಳಸಬಹುದೇ ಎಂದು ಕೆಲವರು ಕೇಳುತ್ತಾರೆ. ಹಳದಿ ಬರುತ್ತದೆ, ಬಿಸಿಲಿಗೆ ಬಹುಬೇಗ ಮಾಸುತ್ತದೆ. ಆದರೂ ಮಕ್ಕಳಿಗೆ ತೋರಿಸಲು ಅದೊಂದು ಒಳ್ಳೆಯ ಆಟ: ತಟ್ಟೆಯಲ್ಲಿನ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು, ಹುಣಿಸೆ ರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣವನ್ನು ಮಾತ್ರ ಬೆರಳಿಗೆ ಹಚ್ಚಬಾರದು.

ಇನ್ನು ಸೀಸೆಯ ಬಣ್ಣ. ನಮ್ಮ ಕಡೆ ಯಾವ ಕಂಪನಿಯದಾದರೂ ಅದಕ್ಕೆ ‘ಕ್ಯೂಟೆಕ್ಸ್’ ಎಂದೇ ಹೆಸರು. ಅದು 1911ರಲ್ಲಿ ಅಮೆರಿಕದಲ್ಲಿ, ಉಗುರಿನ ಬುಡದ ಚರ್ಮವನ್ನು ಮೃದುಗೊಳಿಸುವ ದ್ರವವಾಗಿ ಮಾರಾಟಕ್ಕೆ ಬಂದ ಸರಕಿನ ಹೆಸರು. ನಮ್ಮ ದೇಶದಲ್ಲಿ 1952ರಲ್ಲಿ ಟಾಟಾ ಸಂಸ್ಥೆಯವರು ಲ್ಯಾಕ್ಮೆ ಆರಂಭಿಸಿದರು. ಅದೊಂದು ಫ್ರೆಂಚ್ ಸಂಗೀತನಾಟಕದ ಹೆಸರು. ಮೂಲ ನಮ್ಮ ಲಕ್ಷ್ಮಿಯೇ. ಸೀಸೆಯ ಬಣ್ಣವು ನೈಟ್ರೋಸೆಲ್ಯುಲೋಸ್ ಎಂಬ ವಸ್ತುವನ್ನು ಬೇಗ ಆವಿಯಾಗುವ ದ್ರವದಲ್ಲಿ ಕರಗಿಸಿ ಮಾಡಿದ್ದು. ಮೋಟಾರು ಕಾರುಗಳಿಗೆ ಬಳಿಯುತ್ತಿದ್ದ ಬಣ್ಣದ ಹತ್ತಿರದ ಸಂಬಂಧಿ. ಇದು ಉಗುರಿನೊಳಗೆ ಇಳಿಯುವುದಿಲ್ಲ, ಮೇಲೆ ಪೊರೆಯಾಗಿ ಕೂರುತ್ತದೆ. ಕೆಲಸದ ಕೈಯಲ್ಲಿ ಬೇಗ ಚಕ್ಕೆಯೇಳುತ್ತದೆ.

ಇಲ್ಲಿಯೇ ನನ್ನ ಒಂದು ಸಲಹೆಯಿದೆ. ನಾವು ಮುದ್ದೆಯನ್ನು ಬೆರಳಿನಿಂದ ಮುರಿದು ಸಾರಿನಲ್ಲಿ ಅದ್ದಿ ಉಣ್ಣುವ ಜನ. ಬಲಗೈ ಉಗುರಿನ ಚಕ್ಕೆ ತಟ್ಟೆಗೆ ಬೀಳುವುದು ಖಂಡಿತ. ಆದುದರಿಂದ ಬಲಗೈಗೆ ಗೋರಂಟಿಯ ಐದು ಛಾಯೆಗಳು, ಎಡಗೈಗೆ ಸೀಸೆಯ ಬಹುಬಣ್ಣದ ಚಿತ್ತಾರ ಎಂದು ಹಂಚಿಕೊಳ್ಳಿ. ಎರಡು ಕೈ ಎರಡು ಬಗೆಯಾಗಿ ಕಾಣುವುದೇ ಒಂದು ಚೆಲುವು. ಬಲಗೈಯವರಿಗೆ ಎಡಗೈ ಮೇಲೆ ಬರೆದುಕೊಳ್ಳುವುದು ಸುಲಭವೂ ಹೌದು.

ಚಿತ್ತಾರಕ್ಕೆ ಮಾದರಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ, ಹದಿನಾರನೆಯ ಶತಮಾನದ ವಿಜಯನಗರ ಕಾಲದ ಚಿತ್ರಗಳು ಮಂಟಪದ ಚಾವಣಿಯ ಮೇಲೆ ಇವೆ. ಕಥೆ ನೋಡಲು ಬಂದವರು ಪಾರ್ವತಿಯ ಮದುವೆಯನ್ನೂ ಕಿರಾತಾರ್ಜುನರ ಕಾಳಗವನ್ನೂ ನೋಡಿ ಮುಂದೆ ಸಾಗುತ್ತಾರೆ. ನೀವು ಮಾತ್ರ ಆ ಸ್ತ್ರೀಯರ ಸೀರೆಗಳನ್ನು ನೋಡಿ. ಒಬ್ಬಳದು ಗೆರೆ, ಒಬ್ಬಳದು ಚೌಕುಳಿ, ಇನ್ನೊಬ್ಬಳದು ಹೂಬಳ್ಳಿ, ಒಂದರಂತೆ ಇನ್ನೊಂದಿಲ್ಲ. ಕಾವಿಯ ಕೆಂಪು, ಹಳದಿ, ಕಪ್ಪು, ಬಿಳಿ, ಹಸುರು; ನೀಲಿ ಬಹಳ ಅಪರೂಪ. ಇಷ್ಟು ಕಡಿಮೆ ಬಣ್ಣಗಳಿಂದ ಅಷ್ಟು ವೈವಿಧ್ಯ ಸಾಧಿಸಿದ ಆ ಕುಂಚಿಗರೇ ಈ ವಿದ್ಯೆಗೆ ಗುರುಗಳು. ಮಕ್ಕಳೊಡನೆ ಹೋದಾಗ ಪುಸ್ತಕದಲ್ಲಿ ಐದು ಅಂಚುಗಳನ್ನು ಪೆನ್ಸಿಲಿನಿಂದ ಬರೆದುಕೊಂಡು ಬಂದರೆ ಐದು ಉಗುರಿಗೆ ಆಯಿತು. ಉಗುರಿಗೆ ಕಾವಿಬಣ್ಣ ಬಳಿದು, ತುದಿಯಲ್ಲಿ ಬಿಳಿಯ ಅಂಚು, ಅದರ ಮೇಲೆ ಕಪ್ಪು ಚುಕ್ಕಿ ಸಾಲು. ಅಷ್ಟೇ.

ಧರ್ಮಾವರದ ಪಟ್ಟೆಸೀರೆಯನ್ನು ಮಾದರಿಯಾಗಿಟ್ಟುಕೊಳ್ಳುವವರು ಉಗುರನ್ನೇ ಪುಟ್ಟ ಸೀರೆಯೆಂದು ಭಾವಿಸಬೇಕು: ನಡುವಿನದು ಒಡಲು, ಎರಡು ಪಕ್ಕ ಅಂಚು, ಹೆಬ್ಬೆರಳು ಸೆರಗು. ಧರ್ಮಾವರದ ಸಮೀಪದ ನಿಮ್ಮಲಕುಂಟದಲ್ಲಿ ತೊಗಲುಬೊಂಬೆ ಮಾಡುವ ಕುಟುಂಬಗಳಿವೆ. ಅಲ್ಲಿಯ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿತು. ಬೊಂಬೆಯ ಒಡವೆಗಳನ್ನು ಅವರು ಸಣ್ಣ ರಂಧ್ರಗಳಿಂದ ಮೂಡಿಸುತ್ತಾರೆ, ದೀಪದ ಬೆಳಕು ಅದರ ಮೂಲಕ ಹಾಯುತ್ತದೆ. ಕೆಂಪು ಅಥವಾ ಹಸುರು ನೆಲದ ಮೇಲೆ ಬಿಳಿಯ ಸೂಕ್ಷ್ಮ ಚುಕ್ಕಿಗಳನ್ನಿಟ್ಟರೆ ಅದೇ ಭಾವ ಬರುತ್ತದೆ. ಅದೂ ಬೇಡವೆನ್ನುವವರಿಗೆ ಹಸುರಿನ ಮೇಲೆ ಹಳದಿಯ ಕಡಲೆಕಾಯಿ ಹೂವು, ಕನಕಾಂಬರದ ಬಣ್ಣಕ್ಕೆ ಬಿಳಿ ಚುಕ್ಕಿಯ ಕಾಕಡ, ಯುಗಾದಿಗೆ ಐದು ಉಗುರಿನುದ್ದ ಹರಿದ ಮಾವಿನೆಲೆಯ ತೋರಣ ಇವೆಯಲ್ಲ.

ಸಲಕರಣೆಗಳು ಮನೆಯಲ್ಲಿಯೇ ಇವೆ. ಶಾಯಿ ಮುಗಿದ ಬಾಲ್‌ಪೆನ್ ಕಡ್ಡಿಯ ಮೂತಿಯಿಂದ ಸಣ್ಣ ಚುಕ್ಕಿ. ಗುಂಡುಸೂಜಿಯ ತಲೆಯಿಂದ ದೊಡ್ಡ ಚುಕ್ಕಿ. ಪೊರಕೆಕಡ್ಡಿಯನ್ನು ಚೂಪು ಮಾಡಿದರೆ ಗೆರೆ. ಒಂದು ಬಣ್ಣ ಇನ್ನೊಂದರಲ್ಲಿ ಕರಗಿದಂತೆ ಕಾಣಬೇಕಾದರೆ ಸ್ಪಂಜಿನ ಚೂರಿಗೆ ಎರಡು ಬಣ್ಣಗಳನ್ನು ಪಕ್ಕಪಕ್ಕ ಸವರಿ ಉಗುರಿನ ಮೇಲೆ ಮೆಲ್ಲನೆ ತಟ್ಟಬೇಕು. ಉಗುರಿನಲ್ಲಿ ಎಣ್ಣೆಯ ಪಸೆ ಇದ್ದರೆ ಬಣ್ಣ ಹಿಡಿಯದು. ಸಾಬೂನಿನಿಂದ ತೊಳೆದು ಒಣಗಿಸಿ, ಮೊದಲು ಬಣ್ಣವಿಲ್ಲದ ತೆಳು ಲೇಪ, ಆಮೇಲೆ ನೆಲದ ಬಣ್ಣ ಎರಡು ಸಲ. ಒಮ್ಮೆಗೇ ದಪ್ಪಗೆ ಬಳಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೆಚ್ಚಿನವರು ಕೆಡಿಸುವುದು ಈ ಅವಸರದಿಂದಲೇ. ಮೂರು ಸೀಸೆ ಇದ್ದರೆ ಸಾಕು: ಕೆಂಪು, ಹಳದಿ, ಬಿಳಿ. ಕೆಂಪು ಹಳದಿ ಸೇರಿ ಕಿತ್ತಳೆ, ಕೆಂಪು ಬಿಳಿ ಸೇರಿ ಗುಲಾಬಿ. ನಾಲ್ಕನೆಯದಾಗಿ ನೀಲಿ ಕೊಂಡರೆ ಹಸುರೂ ನೇರಳೆಯೂ ಬಂದಂತಾಯಿತು. ಹಾಳೆಯ ಮೇಲೆ ತೊಟ್ಟು ಹಾಕಿ ಬೆರೆಸಿರಿ, ಸೀಸೆಯೊಳಗಲ್ಲ. ಈ ಬಣ್ಣಕ್ಕೂ ಅದನ್ನು ಅಳಿಸುವ ದ್ರವಕ್ಕೂ ಬೆಂಕಿ ತಗಲಿದರೆ ಭಗ್ಗನೆ ಹತ್ತಿಕೊಳ್ಳುತ್ತವೆ. ಒಲೆಯ ಬಳಿ, ದೇವರ ದೀಪದ ಬಳಿ ಕುಳಿತು ಹಚ್ಚಬಾರದು.

ಹಿಂದೂಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯೂ ಹುಣಿಸೆಯ ವ್ಯಾಪಾರವೂ ದೊಡ್ಡವು. ಬಿಸಿನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚುವವರು, ಹುಣಿಸೆ ಕುಟ್ಟಿ ಬೀಜ ತೆಗೆಯುವವರು, ಕಲ್ಯಾಣದುರ್ಗದ ಹೊಲಗಳಲ್ಲಿ ಕಡಲೆಗಿಡ ಕೀಳುವವರು, ಈ ತಾಯಂದಿರ ಉಗುರಿನ ಮೇಲೆ ಸೀಸೆಯ ಬಣ್ಣ ನಿಲ್ಲುವುದಿಲ್ಲ. ಅವರಿಗೆ ಗೋರಂಟಿಯೇ ಸರಿ. ಉಗುರಿನ ಬುಡ ನೀರಿನಲ್ಲಿ ನೆನೆದು ಊದಿಕೊಂಡಿದ್ದರೆ, ಹುಳಿಯಿಂದ ಬಿರಿದಿದ್ದರೆ, ವಾಸಿಯಾಗುವವರೆಗೆ ಅದೂ ಬೇಡ.

ಕೆಲವು ಮಾತುಗಳನ್ನು ಕಟುವಾಗಿಯೇ ಹೇಳಬೇಕಾಗಿದೆ. ಆಷಾಢದಲ್ಲಿ ಎಳೆಗೂಸಿನ ಅಂಗೈ ಅಂಗಾಲಿಗೂ ಗೋರಂಟಿ ಇಡುವ ವಾಡಿಕೆ ಹಲವು ಮನೆಗಳಲ್ಲಿದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ, ಹೊರನೋಟಕ್ಕೆ ತಿಳಿಯುವುದಿಲ್ಲ. ಅಂತಹ ಕೂಸಿನ ಎಳೆಯ ಚರ್ಮದ ಮೂಲಕ ಲಾಸೋನ್ ಒಳಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಾಮಾಲೆ, ತೀವ್ರ ರಕ್ತಹೀನತೆ ಉಂಟಾಗಿ ಪ್ರಾಣಕ್ಕೆ ಕುತ್ತು ಬಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಜ್ಜಿಯರು ನೊಂದುಕೊಂಡರೂ ಚಿಂತೆಯಿಲ್ಲ, ಕೂಸಿಗೆ ಗೋರಂಟಿ ಬೇಡ. ಕ್ಷಣದಲ್ಲಿ ಕಪ್ಪಾಗುವುದೆಂದು ಮಾರುವ ‘ಕಪ್ಪು ಮೆಹೆಂದಿ’ಯ ಕೊಳವೆಗಳಲ್ಲಿ ಕೂದಲ ಬಣ್ಣಕ್ಕೆ ಬಳಸುವ ಪಿ.ಪಿ.ಡಿ. ಎಂಬ ರಾಸಾಯನಿಕವನ್ನು ಬೆರೆಸಿರುವುದುಂಟು. ಚರ್ಮ ಬೊಬ್ಬೆಯೆದ್ದು ಕಲೆ ಉಳಿಯುತ್ತದೆ. ಗೋರಂಟಿಯ ಬಣ್ಣ ಕೆಂಪು, ಅದು ನಿಧಾನವಾಗಿಯೇ ಬರತಕ್ಕದ್ದು.

ಉಗುರಿನ ಕೆಳಗಿನ ನಸುಗೆಂಪು ಒಳಗಿನ ರಕ್ತದ ಬಣ್ಣ. ಅದು ಬಿಳಿಚಿದ್ದರೆ, ಉಗುರು ಚಮಚದಂತೆ ಗುಳಿಬಿದ್ದಿದ್ದರೆ, ಕಬ್ಬಿಣದ ಅಂಶ ಕಡಿಮೆಯಾಗಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಬೆಳೆಯುವ ಹೆಣ್ಣುಮಕ್ಕಳಲ್ಲಿ ಈ ಕೊರತೆ ಸಾಮಾನ್ಯ. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಸಿಕ್ಕಿಸುವ ಉಪಕರಣಕ್ಕೂ ದಟ್ಟ ಬಣ್ಣ ಅಡ್ಡಿಯಾಗಬಹುದು. ಸೀಸೆಯ ಬಣ್ಣವನ್ನಾದರೆ ಅಳಿಸಬಹುದು, ಗೋರಂಟಿಯನ್ನು ಅಳಿಸಲಾಗದು. ಆದುದರಿಂದ ಪ್ರತಿ ಸಲವೂ ಒಂದು ಉಗುರನ್ನು, ಎಡಗೈ ಉಂಗುರದ ಬೆರಳಿನದಾದರೂ ಆಗಲಿ, ಬಣ್ಣವಿಲ್ಲದೆ ಬಿಡಿ. ಹಚ್ಚುವ ಮೊದಲು ತಾಯಿ ಮಗಳ ಹತ್ತು ಉಗುರುಗಳನ್ನೂ ಬೆಳಕಿಗೆ ಹಿಡಿದು ಒಮ್ಮೆ ನೋಡಲಿ. ಹೆರಿಗೆಗೆ ದಿನ ತುಂಬಿದವರು, ಶಸ್ತ್ರಚಿಕಿತ್ಸೆಗೆ ಹೋಗಲಿರುವವರು ಉಗುರನ್ನು ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಕೆಲಸ ಕೊಡಬಹುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲುಗುರಿನ ಬೆಳವಣಿಗೆ ಅದರ ಅರ್ಧದಷ್ಟು. ಆಷಾಢದಲ್ಲಿ ಇಟ್ಟ ಗೋರಂಟಿಯ ಬುಡದಲ್ಲಿ ಕೆಲವೇ ವಾರಗಳಲ್ಲಿ ಬಿಳಿಯ ಗೆರೆಯೊಂದು ಹುಟ್ಟುತ್ತದೆ. ಪ್ರತಿ ಭಾನುವಾರ ಅಳತೆಪಟ್ಟಿಯಿಂದ ಅದನ್ನು ಅಳೆದು, ತಾರೀಖು ಸಹಿತ ಕನ್ನಡದಲ್ಲಿ ಬರೆದಿಡಲು ಹೇಳಿ. ಕಿರುಬೆರಳಿನ ಉಗುರು ಮೊದಲು ಖಾಲಿಯಾಗುವುದೋ ನಡುಬೆರಳಿನದೋ ಎಂಬುದನ್ನು ಅವರೇ ಕಂಡುಕೊಳ್ಳಲಿ. ಕೈಯುಗುರಿನ ಕೊನೆಯ ಕೆಂಪು ಚೂರು ಕತ್ತರಿಗೆ ಸಿಗುವಷ್ಟರಲ್ಲಿ ಮಾರ್ಗಶಿರ ಬಂದಿರುತ್ತದೆ.