ಶಾಸನದಿಂದ ಅಡಿಟಿಪ್ಪಣಿಯವರೆಗೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆಹಚ್ಚಿದ್ದು 1892ರಲ್ಲಿ. ಅವರೇ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹಿಂದೆ ಅದನ್ನು ನೋಡಲು ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕಿತ್ತು. ಈಗ ಹಿರಿಯೂರಿನ ವಿದ್ಯಾರ್ಥಿ ಇಂಟರ್ನೆಟ್ ಆರ್ಕೈವ್ ತೆರೆದು ಮೊಬೈಲಿನಲ್ಲೇ ಓದಬಹುದು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ಇದೆ, ಅದೂ ಉಚಿತ.

ಓದಿದ್ದು ಎಲ್ಲಿಯದು ಎಂದು ಹೇಳದಿದ್ದರೆ ಅದು ಸಂಶೋಧನೆಯೇ ಅಲ್ಲ.

2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೊಟೆರೊ ತಂತ್ರಾಂಶ ಇಲ್ಲಿ ನೆರವಿಗೆ ಬರುತ್ತದೆ. ಪುಸ್ತಕದ ಐಎಸ್‌ಬಿಎನ್ ಕೊಟ್ಟರೆ ಲೇಖಕ, ಪ್ರಕಾಶಕ, ವರ್ಷಗಳನ್ನು ಹುಡುಕಿ ತಂದು, ಬೇಕಾದ ಶೈಲಿಯಲ್ಲಿ ಅಡಿಟಿಪ್ಪಣಿ ಜೋಡಿಸುತ್ತದೆ. ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ವಿವರ ಕೈಯಾರೆ ತುಂಬಬೇಕು. ಶಾಸನಕ್ಕಂತೂ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ ಮೂರೂ ಬೇಕು. ತಂತ್ರಾಂಶ ಕೊಟ್ಟದ್ದನ್ನು ಮೂಲದ ಶೀರ್ಷಿಕೆ ಪುಟದೊಂದಿಗೆ ತಾಳೆ ನೋಡಿಯೇ ಪ್ರಬಂಧ ಒಪ್ಪಿಸಿ.