ಮೆಲುಕಿನ ಗುಟ್ಟು: ದನದ ದವಡೆಯೂ ಜೊಲ್ಲೂ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಮಳೆ ಕಡಿಮೆ. ಹಸಿ ಮೇವು ಕೆಲವು ತಿಂಗಳ ಮಾತು. ಉಳಿದ ಕಾಲವೆಲ್ಲ ರಾಗಿಹುಲ್ಲು, ಕಡಲೆಕಾಯಿ ಹೊಟ್ಟುಗಳೇ ಗತಿ. ಈ ಒಣಮೇವು ದನಕುರಿಗಳ ಮೈಗೆ ಹತ್ತಬೇಕಾದರೆ ಮೊದಲ ಕೆಲಸ ನಡೆಯುವುದು ಅವುಗಳ ಬಾಯಲ್ಲಿ. ಆದುದರಿಂದ ಆ ಬಾಯಿಯ ರಚನೆಯನ್ನು ರೈತ ಬಾಂಧವರು ತಿಳಿದಿರುವುದು ಮೇಲು.

ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿ ನೋಡಿರಿ. ಕಿವಿಯ ಮುಂದೆ ಒಂದು ಮಾಂಸಖಂಡ ಗಟ್ಟಿಯಾಗುತ್ತದೆ. ಕಣತಲೆಯಲ್ಲಿಯೂ ಇನ್ನೊಂದು ಬಿಗಿಯುತ್ತದೆ. ದವಡೆಯ ಒಳಮಗ್ಗುಲಲ್ಲಿ ಮತ್ತೆರಡು ಉಂಟು. ಕಚ್ಚಿ ಹರಿಯುವ ನಾಯಿಗೆ ಕಣತಲೆಯ ಸ್ನಾಯು ದೊಡ್ಡದು. ಅರೆದು ತಿನ್ನುವ ದನಕುರಿಗಳಿಗೆ ಕೆನ್ನೆಯ ಸ್ನಾಯುವೇ ಬಲವಾದುದು. ದನಕ್ಕೆ ಮೇಲಿನ ಮುಂಬಲ್ಲು ಇಲ್ಲ. ಕೆಳದವಡೆ ಮೇಲಿನದಕ್ಕಿಂತ ಕಿರಿದು. ಆದುದರಿಂದ ಅದು ಒಂದು ಸಲಕ್ಕೆ ಒಂದೇ ಮಗ್ಗುಲಲ್ಲಿ, ಬೀಸುವ ಕಲ್ಲಿನಂತೆ ಅಡ್ಡಡ್ಡವಾಗಿ ಅರೆಯುತ್ತದೆ.

ಜೊಲ್ಲಿನ ದೊಡ್ಡ ಗ್ರಂಥಿಗಳು ಮೂರು ಜೋಡಿ: ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ನಾಲಿಗೆಯ ಅಡಿಯಲ್ಲಿ. ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ನಮಗೆ ಸಿಹಿಯೆನಿಸುತ್ತದೆ. ನಮ್ಮ ಜೊಲ್ಲು ಹಿಟ್ಟನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ದನದ ಜೊಲ್ಲಿನ ಕೆಲಸ ಬೇರೆ. ಅದರಲ್ಲಿ ಅಡಿಗೆ ಸೋಡದಂತಹ ಲವಣವಿದೆ. ಹೊಟ್ಟೆಯ ಮೊದಲ ಚೀಲದಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುವಾಗ ಹುಟ್ಟುವ ಆಮ್ಲವನ್ನು ಈ ಲವಣ ತಗ್ಗಿಸುತ್ತದೆ. ಬೆಳೆದ ಹಸುವಿಗೆ ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಊರುತ್ತದೆಂದರೆ ಆಶ್ಚರ್ಯವಲ್ಲವೇ? ಹುಲ್ಲು ತಿನ್ನುವ ಹಸು ದಿನಕ್ಕೆ 7-8 ಗಂಟೆ ಮೆಲುಕು ಹಾಕುತ್ತದೆ. ಹೆಚ್ಚು ಅಗಿದಷ್ಟೂ ಹೆಚ್ಚು ಜೊಲ್ಲು.

ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನವನ್ನು ರಾಶಿಯಾಗಿ ಸುರಿಯುವುದರ ಅಪಾಯ ಇಲ್ಲಿಯೇ ಇದೆ. ಅನ್ನವನ್ನೂ ಹಿಟ್ಟನ್ನೂ ದನ ಅಗಿಯದೆ ನುಂಗುತ್ತದೆ. ಜೊಲ್ಲು ಸಾಲದು, ಹೊಟ್ಟೆ ಹುಳಿಯೇರುತ್ತದೆ, ಮೆಲುಕು ನಿಲ್ಲುತ್ತದೆ, ದನ ನೆಲ ಹಿಡಿಯುತ್ತದೆ. ತಡಮಾಡಿದರೆ ಪ್ರಾಣವೂ ಹೋದೀತು. ಕಾಳಿನ ಮೇವನ್ನು ಹೊಸದಾಗಿ ಕೊಡುವುದಾದರೆ ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸತಕ್ಕದ್ದು. ಜೊತೆಗೆ ಉದ್ದನೆಯ ಹುಲ್ಲು ತಪ್ಪದಿರಲಿ.

ಜೊಲ್ಲು ವಿಪರೀತವಾಗಿ ಸುರಿದರೂ ಎಚ್ಚರ ಬೇಕು. ನಾಲಿಗೆಯಲ್ಲೂ ಗೊರಸಿನ ಸಂದಿನಲ್ಲೂ ಹುಣ್ಣಿದ್ದರೆ ಅದು ಕಾಲುಬಾಯಿ ಬೇನೆ, ತೆಲುಗಿನಲ್ಲಿ ಗಾಲಿಕುಂಟು. ಜ್ವರದೊಡನೆ ಗಂಟಲು ಬಾತು ಉಸಿರು ಕಟ್ಟಿದರೆ ಗಳಲೆ ರೋಗವಿರಬಹುದು. ಆಗ ಗಂಟೆಗಳ ಲೆಕ್ಕ. ಎರಡಕ್ಕೂ ಮುಂಚಿತವಾಗಿಯೇ ಲಸಿಕೆ ಹಾಕಿಸಬೇಕು. ಕುರಿಯ ದವಡೆಯಡಿ ಮೆತ್ತನೆಯ ನೀರುಬಾವು ಕಂಡರೆ ಅದು ಸಾಮಾನ್ಯವಾಗಿ ಜೊಲ್ಲುಗ್ರಂಥಿಯದಲ್ಲ. ರಕ್ತ ಹೀರುವ ಜಂತುಹುಳುವಿನ ಗುರುತು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಹುಚ್ಚುನಾಯಿ ಕಚ್ಚಿದ ದನಕ್ಕೆ ರೋಗವೇರಿದಾಗ ಗಂಟಲು, ದವಡೆಗಳ ಸ್ನಾಯು ಸೋಲುತ್ತವೆ. ನುಂಗಲಾರದೆ ಜೊಲ್ಲು ಸುರಿಯುತ್ತದೆ. ಮುಳ್ಳು ಸಿಕ್ಕಿದೆಯೆಂದು ತಿಳಿದು ಬಾಯೊಳಗೆ ಕೈ ಹಾಕುವವರುಂಟು. ಆ ಜೊಲ್ಲಿನಲ್ಲಿಯೇ ರೋಗಾಣುವಿರುತ್ತದೆ. ಬರಿಗೈ ಹಾಕಲೇಬಾರದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿರಿ. ರೋಗ ತಲೆದೋರಿದ ಮೇಲೆ ಮದ್ದಿಲ್ಲ.

ಸಂಜೆ ಕೊಟ್ಟಿಗೆಗೆ ಹೋದಾಗ ದನ ಮೆಲುಕು ಹಾಕುತ್ತಿದೆಯೇ ನೋಡಿರಿ. ಇಲ್ಲವಾದರೆ ಪಶುವೈದ್ಯರಿಗೆ “ನೆಮರು” ನಿಂತಿದೆಯೆಂದು ತೆಲುಗಿನಲ್ಲಿ ಹೇಳಿದರೂ ಸಾಕು. ಅವರು ಕೂಡಲೇ ಅರಿತುಕೊಳ್ಳುತ್ತಾರೆ.