ಕೋಡ್ ಬರೆಯೋಕೆ ಎಐ ಬಂತು, ಸರಿ. ಅದನ್ನು ಓದೋರು ಯಾರು?

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ಅತ್ತೆ ಮಗ ಮೊನ್ನೆ ಫೋನ್ ಮಾಡಿದ್ದ. "ಎಐ ಬಂದಮೇಲೆ ಕೋಡಿಂಗ್ ಕಲಿಯೋದೇ ವೇಸ್ಟ್ ಅಂತಾರಲ್ಲ, ನಿಜಾನಾ?" ನಾನು ಟರ್ಬೋ ಸಿಯ ನೀಲಿ ಪರದೆ ಮುಂದೆ ಕೂತು, ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ ಲ್ಯಾಬ್ ಪಾಸಾದವನು. ಭವಿಷ್ಯ ಹೇಳೋಕೆ ನನಗೆ ಬರೋಲ್ಲ. ಆದರೆ ಒಂದು ಹಳೇ ಕತೆ ಗೊತ್ತು.

'ಇನ್ನು ಪ್ರೋಗ್ರಾಮರ್‌ಗಳು ಬೇಕಿಲ್ಲ' ಎನ್ನುವ ಆಸೆ ಹೊಸದಲ್ಲ. ಮೊದಮೊದಲು ಕಂಪ್ಯೂಟರ್‌ಗೆ ಯಂತ್ರಕ್ಕಷ್ಟೇ ಅರ್ಥವಾಗುವ ಸಂಕೇತಗಳಲ್ಲಿ ಆದೇಶ ಕೊಡಬೇಕಿತ್ತು. ಈ ಕೆಲಸವನ್ನು ಯಂತ್ರವೇ ಮಾಡಲಿ ಅಂತ ಅಮೆರಿಕದ ಗ್ರೇಸ್ ಹಾಪರ್ 1952ರಲ್ಲಿ ಕಂಪೈಲರ್‌ನ ಆರಂಭಿಕ ರೂಪವೊಂದನ್ನು ಸಿದ್ಧಪಡಿಸಿದರು. 1957ರಲ್ಲಿ ಐಬಿಎಂ ಫೋರ್ಟ್ರಾನ್ ತಂದಿತು. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ಕೋಬಾಲ್ ವಿನ್ಯಾಸ ಶುರುವಾಯಿತು.

ಕೋಬಾಲ್‌ನಲ್ಲಿ 'ಸಬ್‌ಟ್ರಾಕ್ಟ್ ಟ್ಯಾಕ್ಸ್ ಫ್ರಮ್ ಸ್ಯಾಲರಿ' ಅಂತ ಬರೆದರೆ ಸಂಬಳದಿಂದ ತೆರಿಗೆ ಕಳೆಯುತ್ತದೆ. ಹೆಚ್ಚುಕಡಿಮೆ ಇಂಗ್ಲಿಷೇ. ಇದನ್ನು ಮ್ಯಾನೇಜರ್‌ಗಳೂ ಓದಬಹುದು ಎಂಬುದು ನಿರೀಕ್ಷೆ. ಆದರೆ ಕಷ್ಟ ಇದ್ದದ್ದು ವಾಕ್ಯದಲ್ಲಲ್ಲ. ರಜೆಯ ಕಡಿತ ಮೊದಲೋ, ತೆರಿಗೆ ಮೊದಲೋ? ಲೆಕ್ಕ ಸೊನ್ನೆಗಿಂತ ಕೆಳಗೆ ಹೋದರೆ ಏನು ಮಾಡಬೇಕು? ಇಂಥದ್ದನ್ನೆಲ್ಲ ಕೂತು ಯೋಚಿಸುವವರು ಬೇಕೇ ಬೇಕಿತ್ತು. ಪ್ರೋಗ್ರಾಮರ್‌ಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು.

ಇನ್ನೊಂದು ಸಂಗತಿಯನ್ನು ಯಾರೂ ಊಹಿಸಿರಲಿಲ್ಲ: ಕೋಡ್‌ನ ಆಯಸ್ಸು ಬರೆದವರ ಕೆರಿಯರ್‌ಗಿಂತ ದೊಡ್ಡದು. ಮೆಮೊರಿ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದವರು, ಆ ಕೋಡ್ 2000ದವರೆಗೂ ಓಡುತ್ತೆ ಅಂದುಕೊಂಡಿರಲಿಲ್ಲ. ಅದನ್ನು ಸರಿಪಡಿಸುವ ವೈಟುಕೆ ಕೆಲಸ ಭಾರತದ ಐಟಿ ಕಂಪನಿಗಳಿಗೆ ದೊಡ್ಡ ಮೆಟ್ಟಿಲಾಯಿತು. ಬೆಂಗಳೂರು ಬೆಳೆದದ್ದರಲ್ಲಿ ಆ ಹಳೇ ಕೋಡ್‌ನ ಪಾಲೂ ಇದೆ.

2020ರ ಏಪ್ರಿಲ್‌ಗೆ ಬನ್ನಿ. ಕೋವಿಡ್‌ನಿಂದ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗೆ ಮುಗಿಬಿದ್ದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ವ್ಯವಸ್ಥೆ ತತ್ತರಿಸಿತು. 'ಕೋಬಾಲ್ ಗೊತ್ತಿದ್ದವರು ಸಹಾಯಕ್ಕೆ ಬನ್ನಿ' ಅಂತ ಗವರ್ನರ್ ಫಿಲ್ ಮರ್ಫಿ ಕೇಳಿಕೊಂಡರು. ಎಲ್ಲರೂ 'ಮುದಿ ಭಾಷೆ'ಯನ್ನು ಬೈದರು. ಆದರೆ ಕುಸಿದದ್ದು ಹಳೇ ಕೋಬಾಲ್ ಅಲ್ಲ, ಅದರ ಮುಂದೆ ನಿಲ್ಲಿಸಿದ್ದ ಹೊಸ ವೆಬ್‌ಸೈಟ್ ಅಂತ ಇತಿಹಾಸಕಾರ ಮಾರ್ ಹಿಕ್ಸ್ ಆಮೇಲೆ ವಾದಿಸಿದರು. ನೋಡಿಕೊಳ್ಳುವ ಜನರನ್ನು ವರ್ಷಗಟ್ಟಲೆ ಕಡಿತ ಮಾಡಿ, ಕೊನೆಗೆ ಭಾಷೆಯ ತಲೆಗೆ ತಪ್ಪು ಕಟ್ಟಿದರು ಎಂಬುದು ಅವರ ವಾದದ ತಿರುಳು.

ಈಗ ಎಐ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ಸಾಲು ಪೂರ್ತಿ ಮಾಡಿಕೊಡುತ್ತಿತ್ತು. ಈಗ ಇಂಥ ಟೂಲ್‌ಗಳು ಇಡೀ ಆಪ್ ಬರೆಯುತ್ತವೆ. ಬೇಕಾದ್ದನ್ನು ಕನ್ನಡದಲ್ಲೇ ಹೇಳಬಹುದು. ಇಂಗ್ಲಿಷ್ ಭಯದಿಂದ ಹಿಂದೆ ಉಳಿದವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಕಂಪೈಲರ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಕಂಪೈಲರ್ ನೀವು ಬರೆದದ್ದನ್ನು ನಿಯಮದ ಪ್ರಕಾರ ಅನುವಾದಿಸುತ್ತೆ. ಎಐ ನಿಮ್ಮ ಮಾತಿನ ಅರ್ಥ ಊಹಿಸುತ್ತೆ. ಊಹೆ ತಪ್ಪಿದೆಯಾ ಅಂತ ಯಾರಾದರೂ ನೋಡಲೇಬೇಕು.

ಹಾಗೆ ನೋಡೋ ಕಣ್ಣು ಬರೋದು ಹೇಗೆ? ಸಣ್ಣ ಬಗ್ ಸರಿಮಾಡಿ, ಟೆಸ್ಟ್ ಬರೆದು, ಬೇರೆಯವರ ಕೋಡ್ ಓದಿ ತಲೆ ಕೆಡಿಸಿಕೊಂಡು. ಫ್ರೆಶರ್‌ಗಳು ಮಾಡುತ್ತಿದ್ದ ಈ ಕೆಲಸವನ್ನೇ ಈಗ ಮೊದಲು ಎಐಗೆ ಒಪ್ಪಿಸಲಾಗುತ್ತಿದೆ. ಇವತ್ತು ಫ್ರೆಶರ್‌ಗಳನ್ನು ತೆಗೆದುಕೊಳ್ಳದ ಕಂಪನಿ ಹತ್ತು ವರ್ಷದ ನಂತರ ಸೀನಿಯರ್‌ಗಳನ್ನು ಎಲ್ಲಿಂದ ತರುತ್ತೆ?

ಇದು ಕಂಪನಿಗಳ ತಲೆನೋವು ಮಾತ್ರ ಅಲ್ಲ. ನಮ್ಮ ರೇಷನ್, ಪಿಂಚಣಿ, ಸ್ಕಾಲರ್‌ಶಿಪ್ ಎಲ್ಲವೂ ಈಗ ಸಾಫ್ಟ್‌ವೇರ್ ದಾಟಿಯೇ ಬರಬೇಕು. ಅಜ್ಜಿಯೊಬ್ಬರ ಪಿಂಚಣಿ ನಿಂತರೆ ಕೋಡ್ ತೆರೆದು 'ಇಗೋ, ಇಲ್ಲಿ ತಪ್ಪಿದೆ' ಅನ್ನುವ ಮನುಷ್ಯ ಇರಬೇಕು. ಪೋರ್ಟಲ್ ಉದ್ಘಾಟನೆ ಆದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಇದೇ: ಇದರ ಕೋಡ್ ಯಾರ ಹತ್ತಿರ ಇದೆ, ಮುಂದೆ ನೋಡಿಕೊಳ್ಳೋರು ಯಾರು?

ಅತ್ತೆ ಮಗನಿಗೆ ಹೇಳಿದೆ: "ಕಲಿ. ಬರೆಯೋಕಿಂತ ಹೆಚ್ಚಾಗಿ ಓದೋದನ್ನು ಕಲಿ. ನನ್ನ ಥರ ಬಾಯಿಪಾಠ ಮಾಡಬೇಡ."